ಅಂಗೈಯಗಲದ ಗೂಡ್ಸ್ ಗಾಡಿ

(ಬಾನುಲಿ ಭಾಷಣದ ಬರಹರೂಪ)

ರೈಲೇ ಇಲ್ಲದ ಊರಿನವನು ರೈಲಿನ ಚರಿತ್ರೆಯನ್ನು ಹೇಳಲು ಹೊರಟರೆ ಕೇಳುವವರಿಗೆ ನಗು ಬಂದೀತು. ನನ್ನ ಊರು ಕಾಮಗೆರೆ. ಕೊಳ್ಳೇಗಾಲದಿಂದ ಹನೂರಿಗೂ ಅಲ್ಲಿಂದ ಮುಂದೆ ಮಲೆ ಮಹದೇಶ್ವರನ ಬೆಟ್ಟಕ್ಕೂ ಹೋಗುವ ದಾರಿಯಲ್ಲಿರುವ ಊರು ಅದು. ಆ ದಾರಿಯಲ್ಲಿ ಎತ್ತಿನ ಗಾಡಿಗಳನ್ನೂ ಬಸ್ಸುಗಳನ್ನೂ ಬೆಟ್ಟಕ್ಕೆ ನಡೆದುಹೋಗುವ ಪರಿಸೆಯ ಜನರನ್ನೂ ನೋಡುತ್ತ ಬೆಳೆದವನು ನಾನು. ನಿಜವಾದ ರೈಲನ್ನು ಕಾಣುವ ಮೊದಲೇ ನನ್ನ ಕೈಗೆ ಸಿಕ್ಕದ್ದು ಜಾತ್ರೆಯಲ್ಲಿ ಕೊಂಡ ಚನ್ನಪಟ್ಟಣದ ಮರದ ರೈಲು. ಅರಗಿನ ಬಣ್ಣದ ಆ ಎಂಜಿನ್ನಿಗೆ ದುಂಡನೆಯ ಹೊಟ್ಟೆ, ದುಂಡನೆಯ ಹೊಗೆಕೊಳವೆ, ದುಂಡನೆಯ ಚಕ್ರಗಳಿದ್ದವು. ಹಾಲೆ ಮರವನ್ನು ತಿರುಗಿಸಿ ಕಡೆಯುವ ಕುಶಲಕರ್ಮಿಗೆ ಉಗಿ ಎಂಜಿನ್ನು ತಾನಾಗಿ ಒಲಿದು ಬರುವ ಆಕಾರ. ಚನ್ನಪಟ್ಟಣವಾದರೋ ರೈಲಿನ ದಾರಿಯಲ್ಲೇ ಇರುವ ಊರು. ಬೆಂಗಳೂರಿನಿಂದ ಹೊರಟ ಹಳಿ 1881ರಲ್ಲಿ ಅದನ್ನು ಮುಟ್ಟಿ, ಮರುವರ್ಷ ಮೈಸೂರನ್ನು ಸೇರಿತು. ಅಲ್ಲಿಯ ಕಸುಬಿನವರು ಊರಿನ ನಿಲ್ದಾಣದಲ್ಲಿ ಕಂಡದ್ದನ್ನೇ ಮರದಲ್ಲಿ ಮಾಡಿರಬೇಕು.

ಮುಂದೆ ಒಂಬತ್ತು ಹತ್ತು ವರ್ಷದವನಾಗಿದ್ದಾಗ ಸೋದರಮಾವ ಚಾಮರಾಜನಗರಕ್ಕೆ ಕರೆದುಕೊಂಡು ಹೋದರು. ನಿಲ್ದಾಣದಲ್ಲಿ ಆ ಹೊತ್ತಿಗೆ ನಿಂತಿದ್ದದ್ದು ಗೂಡ್ಸ್ ಗಾಡಿ. ಅದಕ್ಕೆ ಕಿಟಕಿಗಳಿರಲಿಲ್ಲ, ಕೈಬೀಸುವ ಜನರಿರಲಿಲ್ಲ. ನನ್ನ ಮರದ ರೈಲಿನಲ್ಲಿ ಅಂಥ ಡಬ್ಬಿಯೇ ಇರಲಿಲ್ಲ. "ಇದರೊಳಗೆ ಏನಿದೆ ಮಾವ?" ಎಂದು ಕೇಳಿದೆ. "ಊರಿಗೆ ಬೇಕಾದದ್ದೆಲ್ಲ ಇದೆ ಕಣೋ" ಎಂದರು. ಈ ಉತ್ತರದ ಅರ್ಥ ತಿಳಿಯಲು ನನಗೆ ಬಹಳ ವರ್ಷಗಳೇ ಬೇಕಾದವು.

ಪಶ್ಚಿಮದ ದೇಶಗಳಲ್ಲಿ ರೈಲುಗಳ ಕಿರುಮಾದರಿಗಳನ್ನು ಮಾಡುವುದು ದೊಡ್ಡವರ ಗಂಭೀರವಾದ ಹವ್ಯಾಸ. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ 1891ರಲ್ಲಿ ಲೈಪ್‌ಜಿಗ್ ಸಂತೆಯಲ್ಲಿ ಗೊತ್ತಾದ ಅಳತೆಯ ಹಳಿಗಳ ಮೇಲೆ ಓಡುವ ಆಟದ ರೈಲನ್ನು ತೋರಿಸಿತು. ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬಾತ 1920ರಲ್ಲಿ ತನ್ನ ಹೆಸರಿನ ರೈಲುಗಳನ್ನು ಮಾರುಕಟ್ಟೆಗೆ ತಂದ. ಮಕ್ಕಳಿಗೆಂದು ಹುಟ್ಟಿದ ಈ ಆಟಿಕೆಯನ್ನು ದೊಡ್ಡವರು ಕೈಗೆತ್ತಿಕೊಂಡಾಗ ಅದರ ಸ್ವರೂಪವೇ ಬದಲಾಯಿತು. ಅವರಿಗೆ ಯಾವುದೋ ಒಂದು ರೈಲು ಸಾಲದು. ತಮ್ಮ ಜಿಲ್ಲೆಯ ಕಲ್ಲಿದ್ದಲಿನ ಅಥವಾ ಮರದ ದಿಮ್ಮಿಯ ಸಾಗಣೆಯ ರೈಲೇ ಬೇಕು. ಅದನ್ನು ಎಳೆಯುತ್ತಿದ್ದ ಎಂಜಿನ್ನೇ ಬೇಕು. ಅದರ ಮೈಬಣ್ಣವೂ, ಡಬ್ಬಿಯ ಮೇಲಿನ ಅಂಕಿಯೂ ತಪ್ಪಬಾರದು. ನಮ್ಮಲ್ಲಿ ಇಂಥ ಹವ್ಯಾಸಿಗಳು ವಿರಳ. 1998ರಲ್ಲಿ ಪುಣೆಯಲ್ಲಿ ಜೋಶಿಯವರ ಕಿರುರೈಲು ಸಂಗ್ರಹಾಲಯವೊಂದು ಆರಂಭವಾಯಿತೆಂಬುದು ಈ ಕಾರಣದಿಂದ ನೆನೆಯತಕ್ಕ ಸಂಗತಿ.

ಈ ಹವ್ಯಾಸವನ್ನು ಬರಿಯ ಆಟವೆಂದು ತಳ್ಳಿಹಾಕುವುದು ಸುಲಭ. ಆದರೆ ಮಾದರಿ ಮಾಡಲು ಕುಳಿತವನು ಕೇಳಲೇಬೇಕಾದ ಪ್ರಶ್ನೆಗಳನ್ನು ಗಮನಿಸಿ. ಈ ಗಾಡಿ ಏನನ್ನು ಹೊರುತ್ತಿತ್ತು? ಎಲ್ಲಿಂದ ಎಲ್ಲಿಗೆ? ಸರಕನ್ನು ಯಾರು ಇಳಿಸುತ್ತಿದ್ದರು, ಯಾವ ಗಾಡಿಗೆ ಏರಿಸುತ್ತಿದ್ದರು? ನಮ್ಮ ಚರಿತ್ರೆಯ ಪುಸ್ತಕಗಳು ಈ ಪ್ರಶ್ನೆಗಳನ್ನು ಎಷ್ಟೋ ವೇಳೆ ಬಿಟ್ಟುಬಿಡುತ್ತವೆ. ಮಾದರಿಕಾರ ಬಿಡುವಂತಿಲ್ಲ, ಬಿಟ್ಟರೆ ಅವನ ನಿಲ್ದಾಣದ ಅರ್ಧಭಾಗ ಖಾಲಿ ಉಳಿಯುತ್ತದೆ.

ಮೈಸೂರು ಸೀಮೆಯ ರೈಲುಗಳನ್ನು ಈ ದೃಷ್ಟಿಯಿಂದ ನೋಡೋಣ. ಬೆಂಗಳೂರು–ಮೈಸೂರು ಹಳಿಯ ಹಿಂದೆ 1876ರಿಂದ 78ರವರೆಗಿನ ಮಹಾಕ್ಷಾಮದ ನೆನಪಿದೆ. ಧಾನ್ಯ ಒಂದು ಕಡೆ ಇದ್ದು ಹಸಿವು ಇನ್ನೊಂದು ಕಡೆ ಇದ್ದರೆ, ನಡುವೆ ದಾರಿಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಆ ವರ್ಷಗಳು ಕಲಿಸಿದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಕ್ಕೆ ಹಾಕಿದ ಹತ್ತು ಮೈಲಿಯ ಹಳಿ ಕೋಲಾರದ ಚಿನ್ನದ ಗಣಿಗಳಿಗಾಗಿ ಹುಟ್ಟಿದ್ದು. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಬಂದ ಕಿರಿದಾದ ಹಳಿಯ ಅಗಲ 762 ಮಿಲಿಮೀಟರು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದ ಹಳಿ ಅದಕ್ಕಿಂತಲೂ ಕಿರಿದು, 610 ಮಿಲಿಮೀಟರು. 1923ರಲ್ಲಿ ಉರಿ ಹೊತ್ತಿದ ಭದ್ರಾವತಿಯ ಕಬ್ಬಿಣದ ಕುಲುಮೆಗೆ ಇದ್ದಲು ಬೇಕಿತ್ತು; ಇದ್ದಲಿಗೆ ಮಲೆನಾಡಿನ ಸೌದೆ ಬೇಕಿತ್ತು. ಕೆಮ್ಮಣ್ಣುಗುಂಡಿಯ ಅದಿರು ಹಗ್ಗದ ದಾರಿಯಲ್ಲಿ ಬೆಟ್ಟ ಇಳಿದು, ಆಮೇಲೆ ಕಿರುರೈಲನ್ನೇರಿ ಭದ್ರಾವತಿ ಸೇರುತ್ತಿತ್ತು. ಇವೆಲ್ಲವೂ ಮೊದಲು ಹೊರೆಯ ದಾರಿಗಳು. ಪ್ರಯಾಣಿಕ ಆಮೇಲೆ ಹತ್ತಿದವನು.

ಆದರೆ ನಮ್ಮ ನೆನಪಿನಲ್ಲಿ ಉಳಿದಿರುವುದು ಪ್ರಯಾಣಿಕನೇ. ಕತೆ ಕಾದಂಬರಿಗಳಲ್ಲಿ ರೈಲು ಬಂದಾಗಲೆಲ್ಲ ಬೀಳ್ಕೊಡುಗೆಯೋ ಮರುಭೇಟಿಯೋ ನಡೆಯುತ್ತದೆ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದವರು 1899ರ ಮಹಾರಾಣಿಯವರ ವೈಭವದ ಗಾಡಿಯನ್ನು ನೋಡಿ ಬೆರಗಾಗುತ್ತಾರೆ. ಬೆರಗಾಗಬೇಕಾದದ್ದೇ. ಆದರೆ ರಾಗಿ, ಬೆಲ್ಲ, ಉಪ್ಪು, ಸೀಮೆಎಣ್ಣೆಗಳನ್ನು ಹೊತ್ತ ಕಂದು ಬಣ್ಣದ ಡಬ್ಬಿಯ ಮುಂದೆ ನಿಂತು ಬೆರಗಾಗುವವರು ಎಷ್ಟು ಜನ?

ಇಲ್ಲಿ ಎಂಜಿನ್ನುಗಳ ವಿಷಯವನ್ನು ಸ್ವಲ್ಪ ಹೇಳಬೇಕು. ಸ್ವಾತಂತ್ರ್ಯಾನಂತರ ಮೀಟರ್ ಗೇಜ್ ಹಳಿಗಳ ಮೇಲೆ ಓಡಿದ ಉಗಿ ಎಂಜಿನ್ನುಗಳಲ್ಲಿ ಎರಡು ಮುಖ್ಯ ಜಾತಿಗಳು: ವೈ.ಪಿ. ಮತ್ತು ವೈ.ಜಿ. 'ವೈ' ಎಂದರೆ ಮೀಟರ್ ಗೇಜ್. 'ಪಿ' ಪ್ಯಾಸೆಂಜರ್, 'ಜಿ' ಗೂಡ್ಸ್. ದೂರದಿಂದ ನೋಡಿದರೆ ಎರಡೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಆದರೆ ವೈ.ಪಿ.ಯ ಎಳೆಯುವ ಚಕ್ರಗಳು ಆರು, ಒಂದೊಂದರ ವ್ಯಾಸ ನಾಲ್ಕೂವರೆ ಅಡಿ. ವೈ.ಜಿ.ಯ ಎಳೆಯುವ ಚಕ್ರಗಳು ಎಂಟು, ವ್ಯಾಸ ನಾಲ್ಕೇ ಅಡಿ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಅದು ವೇಗಕ್ಕೆ. ಸಣ್ಣ ಚಕ್ರ ಕಡಮೆ ದೂರ ಹೋದರೂ ಹೆಚ್ಚು ಬಲವಾಗಿ ಎಳೆಯುತ್ತದೆ. ಚಕ್ರಗಳು ಹೆಚ್ಚಿದಷ್ಟೂ ಎಂಜಿನ್ನಿನ ಭಾರ ಹಳಿಯನ್ನು ಕಚ್ಚಿ ಹಿಡಿಯುತ್ತದೆ. ನಮ್ಮ ದೇಶದಲ್ಲಿ ಕಟ್ಟಿದ ಮುಖ್ಯ ಮಾರ್ಗದ ಉಗಿ ಎಂಜಿನ್ನುಗಳಲ್ಲಿ ಕಡೆಯದು 1972ರಲ್ಲಿ ಚಿತ್ತರಂಜನದ ಕಾರ್ಖಾನೆಯಿಂದ ಹೊರಬಂದ ಒಂದು ವೈ.ಜಿ. ಎಂಬುದೂ ಅರ್ಥಪೂರ್ಣವಾಗಿದೆ. ಉಗಿಯುಗಕ್ಕೆ ನಮ್ಮಲ್ಲಿ ಕೊನೆಯ ಕಂತು ತಂದದ್ದು ಹೊರೆಯಾಳು.

ಈ ಎರಡು ಎಂಜಿನ್ನುಗಳನ್ನು ಮಾದರಿಯಾಗಿ ಮಾಡಲು ಹೊರಟವನ ಕಷ್ಟವನ್ನು ನೋಡಿ. ಹೆಚ್ಚು ಬಳಕೆಯಲ್ಲಿರುವ ಅಳತೆಯಲ್ಲಿ ನಿಜವಾದ ವಸ್ತುವನ್ನು 87 ಪಾಲು ಮಾಡಿ ಒಂದು ಪಾಲನ್ನು ಇಟ್ಟುಕೊಳ್ಳುತ್ತಾರೆ. ಆಗ ಎಂಜಿನ್ನು ಸುಮಾರು ಒಂದು ಗೇಣು ಉದ್ದವಾಗುತ್ತದೆ. ಸಾಮಾನಿನ ಡಬ್ಬಿ ಅಂಗೈಯಲ್ಲಿ ಕೂರುತ್ತದೆ. ವೈ.ಪಿ.ಯ ಚಕ್ರ ಸುಮಾರು 16 ಮಿಲಿಮೀಟರು, ವೈ.ಜಿ.ಯ ಚಕ್ರ 14. ಇವುಗಳ ನಡುವಣ ವ್ಯತ್ಯಾಸ ಎರಡು ಮಿಲಿಮೀಟರಿಗೂ ಕಡಮೆ, ಒಂದು ರಾಗಿಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ. ಅದನ್ನು ಅಲಕ್ಷಿಸಿದವನು ಗೂಡ್ಸ್ ಗಾಡಿಗೆ ಪ್ಯಾಸೆಂಜರ್ ಎಂಜಿನ್ನನ್ನು ಹೂಡುತ್ತಾನೆ. ದುಡಿಯುವ ಎಂಜಿನ್ನಿನ ಕತೆಯೆಲ್ಲ ಆ ರಾಗಿಕಾಳಿನಷ್ಟು ಅಂತರದಲ್ಲಿ ಅಡಗಿದೆ.

ಇನ್ನೊಂದು ಕಷ್ಟವೂ ಉಂಟು. ಅಂಗಡಿಯಲ್ಲಿ ಸಿಕ್ಕುವ ಈ ಅಳತೆಯ ಹಳಿಯ ಅಗಲ 16.5 ಮಿಲಿಮೀಟರು. ಅದು ಯೂರೋಪು ಅಮೆರಿಕಗಳ 1435 ಮಿಲಿಮೀಟರಿನ ಹಳಿಗೆ ಸರಿಹೊಂದುವುದು. ನಮ್ಮ 1676 ಮಿಲಿಮೀಟರಿನ ಬ್ರಾಡ್ ಗೇಜಿಗೆ 19 ಮಿಲಿಮೀಟರಿಗೂ ಹೆಚ್ಚು ಬೇಕು. ಮೀಟರ್ ಗೇಜಿಗೆ 12 ಸಾಕು. ಕೊಂಡು ತಂದ ಹಳಿಯ ಮೇಲೆ ನಮ್ಮ ಚರಿತ್ರೆ ಓಡುವುದಿಲ್ಲ. ಹಳಿಯನ್ನೂ ನಾವೇ ಅಳೆದು ಹಾಕಿಕೊಳ್ಳಬೇಕು.

ಬೆಂಗಳೂರಿನಿಂದ ಮೈಸೂರಿಗೆ 138 ಕಿಲೋಮೀಟರು. 87ರಲ್ಲಿ ಒಂದು ಪಾಲು ಮಾಡಿದರೂ ಒಂದೂವರೆ ಕಿಲೋಮೀಟರನ್ನು ಮೀರುತ್ತದೆ. ಯಾರ ಮನೆಯಲ್ಲಿ ಅಷ್ಟು ಸ್ಥಳವಿದೆ? ಆದ್ದರಿಂದ ಮಾದರಿಕಾರ ಆಯ್ದುಕೊಳ್ಳಬೇಕಾಗುತ್ತದೆ. ಒಂದು ನಿಲ್ದಾಣ, ಒಂದು ಸೇತುವೆ, ಒಂದು ತಿರುವು. ಚರಿತ್ರಕಾರನೂ ಮಾಡುವುದು ಇದನ್ನೇ.

ನನ್ನನ್ನು ಕೇಳಿದರೆ ನಾನು ಆಯ್ದುಕೊಳ್ಳುವುದು ಮೈಸೂರಿನಿಂದ ದಕ್ಷಿಣಕ್ಕೆ ಹೋದ ಹಳಿಯನ್ನು. 1891ರಲ್ಲಿ ಅದು ನಂಜನಗೂಡಿಗೆ ಬಂತು. ಅಲ್ಲಿ ಕಪಿಲೆಯ ಮೇಲಿನ ಹಳೆಯ ಕಲ್ಲುಸೇತುವೆ ಮೈಸೂರಿನ ದಳವಾಯಿಗಳ ಕಾಲದ್ದು, 1735ರದೆಂದು ಹೇಳುತ್ತಾರೆ. ಉಗಿಯೆಂಜಿನ್ನನ್ನು ಕನಸಿನಲ್ಲೂ ಕಾಣದವರು ಕಟ್ಟಿದ ಆ ಸೇತುವೆ ರಸ್ತೆಯ ಜೊತೆಗೆ ರೈಲನ್ನೂ ಹೊತ್ತಿತು. 1926ರಲ್ಲಿ ಹಳಿ ಚಾಮರಾಜನಗರವನ್ನು ಮುಟ್ಟಿ ಅಲ್ಲಿಗೇ ನಿಂತಿತು. ಕೊಳ್ಳೇಗಾಲಕ್ಕೆ ಬರಲಿಲ್ಲ.

ಏಕೆ ಬರಲಿಲ್ಲ ಎಂಬುದಕ್ಕೆ ನಕ್ಷೆಯನ್ನು ನೋಡಬೇಕು. 1956ರವರೆಗೆ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಪ್ರಾಂತದ ರೇಷ್ಮೆಯ ಬಹುಪಾಲು ಬೆಳೆಯುತ್ತಿದ್ದದ್ದು ನಮ್ಮ ತಾಲ್ಲೂಕಿನ ಹಿಪ್ಪುನೇರಳೆ ತೋಟಗಳಲ್ಲಿ. ಆದರೂ ಕೊಯಮತ್ತೂರಿಗೂ ನಮಗೂ ನಡುವೆ ಬೆಟ್ಟಕಾಡುಗಳು. ಮೈಸೂರಿಗೂ ನಮಗೂ ನಡುವೆ ಗಡಿ. ಎರಡು ಆಡಳಿತಗಳ ಅಂಚಿನ ಊರಿಗೆ ಹಳಿ ಹಾಕುವ ಅವಸರ ಯಾರಿಗೂ ಇರಲಿಲ್ಲವೆಂದೇ ತೋರುತ್ತದೆ. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ನಮ್ಮ ನೆರೆಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ತಂತಿಯ ಮೇಲೆ ಸುಮಾರು 92 ಮೈಲಿ ಹರಿದು ಕೋಲಾರದ ಗಣಿಗಳನ್ನು ಸೇರಿತು. ನಮ್ಮ ಕಡೆಯ ನೀರಿನ ಬಲ ರೈಲಿರುವ ಊರಿಗೆ ಹೋಯಿತು; ರೈಲು ಮಾತ್ರ ನಮ್ಮ ಕಡೆಗೆ ಬರಲಿಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೇಲೆ ಚಾಮರಾಜನಗರಕ್ಕೆ ಹೊಸ ಹಳಿ ಹಾಕುವ ಮಾತು 1990ರ ದಶಕದಿಂದಲೂ ಕೇಳುತ್ತಿದೆ. ಕೊಳ್ಳೇಗಾಲದವರು ಇನ್ನೂ ಕಾಯುತ್ತಿದ್ದಾರೆ.

ಹಾಗಾದರೆ ಕೊಳ್ಳೇಗಾಲದ ಮಾದರಿಕಾರ ಏನನ್ನು ಮಾಡಬೇಕು? ಇಲ್ಲದ ನಿಲ್ದಾಣವನ್ನು ಕಲ್ಪಿಸಿಕೊಳ್ಳಬಹುದು; ಹವ್ಯಾಸಿಗಳು ಹಾಗೆ ಮಾಡುವುದೂ ಉಂಟು. ನನಗೆ ಅದು ಒಪ್ಪಿಗೆಯಿಲ್ಲ. ಅವನು ಚಾಮರಾಜನಗರದ ಗೂಡ್ಸ್ ಷೆಡ್ಡನ್ನು ಮಾಡಲಿ. ಷೆಡ್ಡಿನ ಒಂದು ಮಗ್ಗುಲಲ್ಲಿ ವೈ.ಜಿ. ಎಂಜಿನ್ನೂ ಹತ್ತಾರು ಡಬ್ಬಿಗಳೂ ಇರಲಿ. ಇನ್ನೊಂದು ಮಗ್ಗುಲಲ್ಲಿ ಎತ್ತಿನ ಗಾಡಿಗಳೂ ಒಂದೆರಡು ಲಾರಿಗಳೂ ನಿಲ್ಲಲಿ. ಅಲ್ಲಿಂದ ಒಂದು ರಸ್ತೆ ಯಳಂದೂರಿನ ಕಡೆಗೆ ಹೊರಟು ಹಲಗೆಯ ಅಂಚಿನಲ್ಲಿ ಮರೆಯಾಗಲಿ. ಆ ರಸ್ತೆಯ ತುದಿಯಲ್ಲಿ ನಮ್ಮ ಊರುಗಳಿವೆ. ರೈಲು ಎಲ್ಲಿ ನಿಂತಿತು, ಹೊರೆ ಅಲ್ಲಿಂದ ಯಾರ ಹೆಗಲೇರಿತು ಎಂಬುದೂ ರೈಲಿನ ಚರಿತ್ರೆಯೇ.

ಇದನ್ನು ಈಗಲೇ ಹೇಳಲು ಕಾರಣವಿದೆ. 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೋಜನೆ ಆರಂಭವಾಯಿತು. ಬೆಂಗಳೂರು–ಮೈಸೂರು ಹಳಿ ಅಗಲವಾಯಿತು. ಆಮೇಲೆ ಚಾಮರಾಜನಗರದ್ದೂ ಆಯಿತು. ನಂಜನಗೂಡಿನ ಹಳೆಯ ಸೇತುವೆಯ ಪಕ್ಕದಲ್ಲಿ ಹೊಸದು ಬಂತು. ಅದಕ್ಕೂ ಮೊದಲೇ, 1980ರ ದಶಕದಿಂದ, ಒಂದೆರಡು ಡಬ್ಬಿಯಷ್ಟು ಸರಕನ್ನು ಸಣ್ಣ ನಿಲ್ದಾಣಗಳಲ್ಲಿ ಇಳಿಸುವ ಪದ್ಧತಿ ಹೋಗಿ, ಇಡೀ ಗಾಡಿಯನ್ನೇ ಒಂದೇ ಸರಕಿನಿಂದ ತುಂಬುವ ಪದ್ಧತಿ ಬಂದಿತ್ತು. ಇದರಿಂದ ಅನುಕೂಲವಾಗಿದೆ, ಹಳೆಯದಕ್ಕಾಗಿ ಅಳುತ್ತ ಕೂರುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಇಡೀ ದುಡಿಮೆಯ ಪ್ರಪಂಚ ಒಂದು ತಲೆಮಾರಿನಲ್ಲಿ ಕಣ್ಮರೆಯಾಯಿತು. ಎಂಜಿನ್ನುಗಳಲ್ಲಿ ಕೆಲವಾದರೂ ನಿಲ್ದಾಣಗಳ ಮುಂದೆ ಬಣ್ಣ ಬಳಿಸಿಕೊಂಡು ನಿಂತಿವೆ. ಗೂಡ್ಸ್ ಷೆಡ್ಡಿನ ಕಟ್ಟೆಯ ಎತ್ತರ ಎಷ್ಟಿತ್ತು, ಮೂಟೆಯನ್ನು ಹೇಗೆ ಹೊರಳಿಸುತ್ತಿದ್ದರು, ಡಬ್ಬಿಯ ಬಾಗಿಲಿಗೆ ಮೊಹರು ಹಾಕುತ್ತಿದ್ದವರು ಯಾರು ಎಂಬುದು ಮಾತ್ರ ಕೆಲವು ಮುದುಕರ ನೆನಪಿನಲ್ಲಿದೆ. ಅವರ ಬಳಿಗೆ ಒಬ್ಬ ಯುವಕ ಅಳತೆಪಟ್ಟಿಯನ್ನೂ ಒಂದು ನೋಟ್‌ಬುಕ್ಕನ್ನೂ ಹಿಡಿದುಕೊಂಡು ಹೋಗಿ ಕುಳಿತರೆ, ಯಾವ ವಿಶ್ವವಿದ್ಯಾಲಯವೂ ಕೊಡದ ಪಾಠ ಅವನಿಗೆ ದೊರೆತೀತು.

ನನ್ನ ಮರದ ಎಂಜಿನ್ನು ಈಗಲೂ ನನ್ನ ಬಳಿ ಇದೆ. ಬಣ್ಣ ಮಾಸಿದೆ, ಒಂದು ಚಕ್ರ ಕಳೆದುಹೋಗಿದೆ. ಹೋದ ವರ್ಷ ಮೊಮ್ಮಗ ರಟ್ಟಿನ ಪೆಟ್ಟಿಗೆಯೊಂದನ್ನು ಕತ್ತರಿಸಿ, ಗುಂಡಿಗಳನ್ನೇ ಚಕ್ರವಾಗಿ ಅಂಟಿಸಿ, ಅದರ ಹಿಂದೆ ಒಂದು ಡಬ್ಬಿಯನ್ನು ಕಟ್ಟಿದ. ಕಿಟಕಿಗಳನ್ನು ಬರೆಯಲು ಬಣ್ಣ ಹುಡುಕುತ್ತಿದ್ದವನನ್ನು ತಡೆದು, "ಇದಕ್ಕೆ ಕಿಟಕಿ ಬೇಡ, ಇದು ಗೂಡ್ಸ್ ಗಾಡಿ" ಎಂದೆ. ಅವನು ಒಂದು ಕ್ಷಣ ಯೋಚಿಸಿ, "ಹಾಗಾದರೆ ಇದರೊಳಗೆ ಏನಿದೆ ತಾತ?" ಎಂದು ಕೇಳಿದ.