ಶತ್ರುವನ್ನೂ ಒಳಗೊಂಡ ಬಿನ್ನಹ: ಕ್ರೈಸ್ತರ ಸಾಮೂಹಿಕ ಶಾಂತಿಪ್ರಾರ್ಥನೆಯ ಚರಿತ್ರೆ

1914ರ ಆಗಸ್ಟ್ 1ರಂದು ಜರ್ಮನಿ ರಷ್ಯದ ಮೇಲೆ ಯುದ್ಧ ಸಾರಿತು. ಆ ದಿನ ಮತ್ತು ಮರುದಿನ ಜರ್ಮನಿಯದೇ ಕಾನ್‌ಸ್ಟಾನ್ಸ್ ಪಟ್ಟಣದಲ್ಲಿ ಹಲವು ದೇಶಗಳ ಪ್ರಾಟೆಸ್ಟಂಟ್ ಸಭೆಗಳ ಪ್ರತಿನಿಧಿಗಳು ಸೇರಿದ್ದರು. ಸಭೆಗಳ ಮೂಲಕ ದೇಶದೇಶಗಳ ನಡುವೆ ಸ್ನೇಹ ಬೆಳೆಸುವುದು ಅವರ ಉದ್ದೇಶವಾಗಿತ್ತು. ಸಮಾವೇಶವನ್ನು ಅರ್ಧಕ್ಕೇ ಮುಗಿಸಿ, ಒಟ್ಟಾಗಿ ಪ್ರಾರ್ಥಿಸಿ, ಅವರು ಗಡಿ ಮುಚ್ಚುವ ಮೊದಲೇ ರೈಲು ಹತ್ತಬೇಕಾಯಿತು. ಇಂಗ್ಲೆಂಡಿನ ಕ್ವೇಕರ್ ಹೆನ್ರಿ ಹಾಜ್‌ಕಿನ್ ಮತ್ತು ಜರ್ಮನಿಯ ಪಾದ್ರಿ ಫ್ರೀಡ್ರಿಶ್ ಸೀಗ್ಮುಂಡ್-ಶುಲ್ಟ್ಸೆ ಕೊಲೋನ್ ನಿಲ್ದಾಣದಲ್ಲಿ ಬೀಳ್ಕೊಳ್ಳುವಾಗ, ತಮ್ಮ ದೇಶಗಳು ಏನೇ ಮಾಡಲಿ, ತಾವಿಬ್ಬರು ವೈರಿಗಳಾಗುವುದಿಲ್ಲವೆಂದು ಮಾತು ಕೊಟ್ಟುಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂಬ್ರಿಜ್‌ನಲ್ಲಿ ಹುಟ್ಟಿದ ‘ಫೆಲೋಶಿಪ್ ಆಫ್ ರಿಕನ್ಸಿಲಿಯೇಶನ್’ ಸಂಘಕ್ಕೆ ಆ ಮಾತೇ ಬೀಜವಾಯಿತು.

ಆಗಸ್ಟ್ 5ನ್ನು ಕೈಸರ್ ಎರಡನೆಯ ವಿಲ್‌ಹೆಲ್ಮ್ ತನ್ನ ರಾಜ್ಯಕ್ಕೆಲ್ಲ ಪ್ರಾರ್ಥನಾ ದಿನವೆಂದು ಘೋಷಿಸಿದ. ಅದೇ ತಿಂಗಳು ಇಂಗ್ಲೆಂಡಿನಲ್ಲೂ ವಿಶೇಷ ಪ್ರಾರ್ಥನೆಗಳು ನಡೆದವು. ಎರಡೂ ಕಡೆ ಒಂದೇ ಬೈಬಲ್ಲು, ಒಂದೇ ಕರ್ತನ ಪ್ರಾರ್ಥನೆ. ಬೇಡಿದ್ದು ಮಾತ್ರ ಒಬ್ಬರ ಮೇಲೊಬ್ಬರಿಗೆ ಜಯ. ಕ್ರೈಸ್ತ ಸಭೆಗಳು ಶಾಂತಿಗಾಗಿ ಪ್ರಾರ್ಥಿಸಿದ ಚರಿತ್ರೆಯನ್ನು ಬರೆಯಲು ಹೊರಟವರು ಕಾನ್‌ಸ್ಟಾನ್ಸಿನಲ್ಲಿ ಒಟ್ಟಾಗಿ ಮಾಡಿದ್ದು, ಜಯಕ್ಕಾಗಿ ಮಾಡಿದ್ದು ಎಂಬ ಈ ಎರಡು ಬಗೆಯ ಪ್ರಾರ್ಥನೆಗಳನ್ನು ಬೇರೆಬೇರೆಯಾಗಿ ಗುರುತಿಸಲೇಬೇಕು. ಸಭೆ ಶಾಂತಿಯನ್ನು ಬೇಡಿತೇ ಎಂದು ಕೇಳಿದರೆ ಉತ್ತರ ಯಾವಾಗಲೂ ಹೌದು. ಯಾರೆಲ್ಲರ ಪರವಾಗಿ ಬೇಡಿತು, ತನ್ನ ಪಾಪವನ್ನೂ ಅದರಲ್ಲಿ ಸೇರಿಸಿತೇ ಎಂದು ಕೇಳಿದಾಗ ಮಾತ್ರ ಚರಿತ್ರೆ ಬಾಯಿಬಿಡುತ್ತದೆ.

ಈ ಪ್ರಾರ್ಥನೆಯ ಬೇರು ಬಹಳ ಹಳೆಯದು. ಅರಸರಿಗಾಗಿಯೂ ಅಧಿಕಾರಿಗಳಿಗಾಗಿಯೂ ಪ್ರಾರ್ಥಿಸಬೇಕೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆ ಹೇಳುತ್ತದೆ. ಒಂದನೆಯ ಶತಮಾನದ ಕೊನೆಯಲ್ಲಿ ರೋಮಿನ ಸಭೆ ಕೊರಿಂಥದ ಸಭೆಗೆ ಬರೆದ, ಕ್ಲೆಮೆಂಟನ ಹೆಸರಿನ ಪತ್ರದ ಕೊನೆಗೆ ಒಂದು ದೀರ್ಘ ಪ್ರಾರ್ಥನೆಯಿದೆ. ತಮ್ಮನ್ನು ಹಿಂಸಿಸಬಲ್ಲ ಅಧಿಕಾರಿಗಳಿಗೆ ಆರೋಗ್ಯ, ಒಗ್ಗಟ್ಟು, ಶಾಂತಿ ಸಿಗಲೆಂದು ಅಲ್ಲಿ ಬೇಡಲಾಗಿದೆ. ಸುಮಾರು ನೂರು ವರ್ಷಗಳ ನಂತರ ಕಾರ್ಥೇಜಿನ ತೆರ್ತುಲ್ಲಿಯನ್ ಬರೆಯುವ ಹೊತ್ತಿಗೆ ಚಕ್ರವರ್ತಿಯ ಸೈನ್ಯ ಬಲಶಾಲಿಯಾಗಲಿ ಎಂಬ ಬೇಡಿಕೆಯೂ ಸೇರಿತ್ತು. ಕ್ರೈಸ್ತರು ರಾಜದ್ರೋಹಿಗಳಲ್ಲ ಎಂದು ಸಾಧಿಸುವುದು ಅವನ ಗುರಿಯಾಗಿತ್ತು, ಆ ಬೇಡಿಕೆ ಅಲ್ಲಿ ಬಂದದ್ದೂ ಅದಕ್ಕಾಗಿಯೇ. ಆದರೂ ಪ್ರಾರ್ಥನೆಗೆ ಸೈನ್ಯ ಕಾಲಿಟ್ಟ ದಾಖಲೆಯಾಗಿ ಆ ಸಾಲು ಮುಖ್ಯ.

ಪೂರ್ವದ ಸಭೆಗಳು ಬೇರೊಂದು ದಾರಿಯನ್ನು ಉಳಿಸಿಕೊಂಡವು. ಸಂತ ಜಾನ್ ಕ್ರಿಸೊಸ್ತೊಮನ ಹೆಸರಿನ ಆರಾಧನಾ ಕ್ರಮದಲ್ಲಿ ಮೊದಲ ಬಿನ್ನಹಗಳೇ ಶಾಂತಿಗಾಗಿ. ಅವುಗಳಲ್ಲಿ ಒಂದು ಇಡೀ ಜಗತ್ತಿನ ಶಾಂತಿಗಾಗಿ. ಅಲ್ಲಿ ಯಾವ ದೇಶದ ಹೆಸರೂ ಇಲ್ಲ. ಪಶ್ಚಿಮದಲ್ಲಿ, ದೇವರ ಕುರಿಮರಿಯನ್ನು ಕುರಿತ ಬಲಿಪೂಜೆಯ ಪ್ರಾರ್ಥನೆಯ ಮೂರನೆಯ ಆವರ್ತನೆ 10-11ನೆಯ ಶತಮಾನಗಳಲ್ಲಿ ಬದಲಾಗಿ, ಕರುಣೆಯ ಬದಲು ಶಾಂತಿಯನ್ನು ಬೇಡತೊಡಗಿತು. ಫ್ರಾನ್ಸಿನ ಶಾರೂ ಎಂಬಲ್ಲಿ 989ರಲ್ಲಿ ಸೇರಿದ ಬಿಷಪ್ಪರು ನಿರಾಯುಧರನ್ನು ಮುಟ್ಟುವವರಿಗೆ ಬಹಿಷ್ಕಾರ ಹಾಕಿದ ಕಾಲವೂ ಇದೇ. ಊರೂರು ಸುಡುವ ಸಾಮಂತರ ನಡುವೆ ಬದುಕಿದವರ ಬಾಯಲ್ಲಿ ಆ ಪದ ಬದಲಾದದ್ದು ಸಹಜವೆಂದೇ ನನಗೆ ತೋರುತ್ತದೆ. ಸುಧಾರಣೆಯ ನಂತರದ ರಾಷ್ಟ್ರೀಯ ಚರ್ಚುಗಳಲ್ಲಿ ಬಿನ್ನಹ ಮತ್ತೆ ಗಡಿಯೊಳಗೆ ಕುಗ್ಗಿತು. ಇಂಗ್ಲೆಂಡಿನ 1552ರ ಪ್ರಾರ್ಥನಾ ಪುಸ್ತಕದಲ್ಲಿ ಯುದ್ಧಕಾಲಕ್ಕೆಂದು ಸೇರಿಸಿದ ಪ್ರಾರ್ಥನೆ ಶತ್ರುಗಳ ಸೊಕ್ಕು ಮುರಿಯಲಿ ಎಂದೇ ಬೇಡುತ್ತದೆ.

ಈ ಹಿನ್ನೆಲೆಯಲ್ಲಿ ಪೋಪ್ ಹದಿನೈದನೆಯ ಬೆನೆಡಿಕ್ಟರ ಹೆಜ್ಜೆಯನ್ನು ಅಳೆಯಬೇಕು. 1914ರ ಸೆಪ್ಟೆಂಬರ್ 3ರಂದು ಆಯ್ಕೆಯಾದ ಅವರು ನಾಲ್ಕೇ ತಿಂಗಳಲ್ಲಿ ಶಾಂತಿಗಾಗಿ ಒಂದು ಪ್ರಾರ್ಥನೆಯನ್ನು ಹೊರಡಿಸಿದರು. ಯುರೋಪಿನ ಕಥೋಲಿಕ ಚರ್ಚುಗಳೆಲ್ಲ ಅದನ್ನು 1915ರ ಫೆಬ್ರುವರಿ 7ರಂದು, ಯುರೋಪಿನ ಹೊರಗಿನವು ಮಾರ್ಚ್ 21ರಂದು ಹೇಳಬೇಕೆಂದು ಗೊತ್ತುಮಾಡಿದರು. ಕಂದಕದ ಎರಡೂ ಬದಿಯ ದೇಶಗಳ ಭಕ್ತರು ಒಂದೇ ದಿನ, ಒಂದೇ ಪಠ್ಯವನ್ನು, ಯಾರ ಗೆಲುವನ್ನೂ ಕೇಳದೆ ಹೇಳಬೇಕಿತ್ತು. ಫ್ರೆಂಚ್ ಸರ್ಕಾರ ಅದರ ಪ್ರತಿಗಳನ್ನು ಮುಟ್ಟುಗೋಲು ಹಾಕಿತು. ನ್ಯಾಯದ ಜೊತೆಗಿನ ಶಾಂತಿಯನ್ನೇ ಬೇಡುತ್ತಿದ್ದೇವೆ ಎಂದು ಪ್ಯಾರಿಸ್ಸಿನ ಕಾರ್ಡಿನಲ್ ಅಮೆತ್ ವಿವರಣೆ ಕೊಡಬೇಕಾಯಿತು. ತಮ್ಮ ನೆಲ ಇನ್ನೂ ಶತ್ರುವಿನ ಕಾಲಡಿ ಇದ್ದಾಗ ಶಾಂತಿಯ ಮಾತೆತ್ತುವುದು ಜರ್ಮನಿಗೆ ಲಾಭವೆಂಬುದು ಫ್ರೆಂಚರ ಭಯ. ಬೆಲ್ಜಿಯಂ, ಉತ್ತರ ಫ್ರಾನ್ಸುಗಳು ಆಕ್ರಮಣಕ್ಕೆ ಒಳಗಾಗಿದ್ದವೆಂಬುದನ್ನು ನೆನೆದರೆ ಆ ಭಯವನ್ನು ತಳ್ಳಿಹಾಕಲಾಗದು. ಆದರೂ ಸರ್ಕಾರವೊಂದು ಪ್ರಾರ್ಥನೆಗೆ ಹೆದರಿತೆಂದರೆ, ಅಂಥ ಬಿನ್ನಹಕ್ಕೆ ನಿಜವಾದ ಬಲವಿತ್ತೆಂದು ಅರ್ಥ.

ಇದೇ ಯುದ್ಧದ ನಡುವೆ ಇನ್ನೊಂದು ಪ್ರಾರ್ಥನೆ ಪ್ರಸಿದ್ಧವಾಯಿತು. ನಮ್ಮ ಮಿಶನ್ ಶಾಲೆಗಳಲ್ಲಿ ಓದಿದ ಅನೇಕರು ಅಸ್ಸಿಸಿಯ ಸಂತ ಫ್ರಾನ್ಸಿಸರದೆಂದು ಕಲಿತ ಶಾಂತಿಪ್ರಾರ್ಥನೆ ಅದು. 13ನೆಯ ಶತಮಾನದ ಆ ಸಂತರ ಬರಹಗಳಲ್ಲಿ ಅದು ಇಲ್ಲ. ಅದು ಮೊದಲು ಅಚ್ಚಾದದ್ದು 1912ರಲ್ಲಿ, ಪ್ಯಾರಿಸ್ಸಿನ ‘ಲಾ ಕ್ಲೊಶೆತ್’ ಎಂಬ ಪುಟ್ಟ ಭಕ್ತಿಪತ್ರಿಕೆಯಲ್ಲಿ, ಕರ್ತೃವಿನ ಹೆಸರಿಲ್ಲದೆ. 1916ರ ಜನವರಿಯಲ್ಲಿ ವ್ಯಾಟಿಕನ್ನಿನ ಪತ್ರಿಕೆ ಅದನ್ನು ಪ್ರಕಟಿಸಿದ ಮೇಲೆ ಯುದ್ಧಪೀಡಿತ ಯುರೋಪಿನಲ್ಲಿ ಹರಡಿತು. ಫ್ರೆಂಚ್ ಚರಿತ್ರಕಾರ ಕ್ರಿಸ್ತಿಯಾಂ ರೆನೂ 2001ರ ತಮ್ಮ ಗ್ರಂಥದಲ್ಲಿ ಇದನ್ನು ದಾಖಲೆಗಳೊಂದಿಗೆ ತೋರಿಸಿದ್ದಾರೆ. ಸಂತರ ಹೆಸರು ಕಳಚಿದರೆ ಪ್ರಾರ್ಥನೆಯ ಬೆಲೆ ಕಡಿಮೆಯಾಗುವುದಿಲ್ಲ. ಅದು ನಮ್ಮ ಕಾಲದ ಗಾಯದಿಂದ ಪ್ರಸಿದ್ಧಿಗೆ ಬಂತೆಂಬುದು ಇನ್ನೂ ಸ್ಪಷ್ಟವಾಗುತ್ತದೆ.

ಆ ಗಾಯ ಕನ್ನಡ ನಾಡನ್ನೂ ತಾಕಿತು. ಮಂಗಳೂರು, ಧಾರವಾಡ, ಹುಬ್ಬಳ್ಳಿಗಳ ಬಾಸೆಲ್ ಮಿಶನ್ ಸಭೆಗಳನ್ನು ಕಟ್ಟಿದವರಲ್ಲಿ, ನಿಘಂಟುಕಾರ ಕಿಟೆಲ್ಲರಂತೆ, ಜರ್ಮನರು ಬಹಳ ಮಂದಿ ಇದ್ದರು. ಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ದೇಶಕ್ಕೆ ಮರಳಿಸಿತು; ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ತಮಗೆ ಜ್ಞಾನಸ್ನಾನ ಕೊಟ್ಟ ಪಾದ್ರಿಯೇ ಸಾಮ್ರಾಜ್ಯದ ಲೆಕ್ಕದಲ್ಲಿ ಶತ್ರುವಾಗಿ ನಿಂತ ಸ್ಥಿತಿ ಈ ಸಭೆಗಳದು.

ಯುದ್ಧಾನಂತರದ ಪ್ರಯತ್ನಗಳಲ್ಲಿ ಹೆಂಗಸರದೇ ಹೆಚ್ಚು ಬಾಳಿಕೆಯದು. ಅಮೆರಿಕದ ಪ್ರೆಸ್ಬಿಟೇರಿಯನ್ ಮಹಿಳೆಯರ 1887ರ ಕರೆಯಿಂದ ಬೆಳೆದ ಪ್ರಾರ್ಥನಾ ದಿನ 1927ರಲ್ಲಿ ಜಾಗತಿಕವಾಯಿತು. ಒಂದೊಂದು ವರ್ಷ ಒಂದೊಂದು ದೇಶದ ಹೆಂಗಸರು ಆರಾಧನೆಯ ಪಠ್ಯ ಬರೆಯುತ್ತಾರೆ, ಉಳಿದ ದೇಶಗಳವರು ಅದನ್ನೇ ಹೇಳುತ್ತಾರೆ. 1930ರ ಪಠ್ಯ ಬರೆದವರು ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದ ಹೆಲೆನ್ ಕಿಮ್. ಇಂದು ಮಾರ್ಚಿನ ಮೊದಲ ಶುಕ್ರವಾರ ನಡೆಯುವ ಈ ಆರಾಧನೆ ಕರ್ನಾಟಕದ ಸಭೆಗಳ ಸ್ತ್ರೀಯರಿಗೂ ಪರಿಚಿತ.

1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಇಂಗ್ಲೆಂಡಿನ ಕವೆಂಟ್ರಿ ನಗರವನ್ನು ಸುಟ್ಟವು. ಮಧ್ಯಯುಗದ ಕಥೆಡ್ರಲಿನ ಗೋಡೆ, ಗೋಪುರ ಮಾತ್ರ ಉಳಿದವು. ಸುಟ್ಟ ತೊಲೆಗಳೆರಡನ್ನು ಕಲ್ಲುಕೆಲಸದವನೊಬ್ಬ ಶಿಲುಬೆಯಾಗಿ ಕಟ್ಟಿ ನಿಲ್ಲಿಸಿದ. ಚಾವಣಿಯ ಹಳೆಯ ಮೊಳೆಗಳಿಂದ ಇನ್ನೊಂದು ಶಿಲುಬೆಯಾಯಿತು. ಆ ಕ್ರಿಸ್ಮಸ್ಸಿಗೆ ಅವಶೇಷಗಳ ನಡುವಿನಿಂದ ಬಿಬಿಸಿಯಲ್ಲಿ ಮಾತಾಡಿದ ಪ್ರೊವೋಸ್ಟ್ ರಿಚರ್ಡ್ ಹಾವರ್ಡ್ ಸೇಡಿನ ಯೋಚನೆಯನ್ನು ಮನಸ್ಸಿನಿಂದ ಹೊರಹಾಕಲು ಕೇಳಿಕೊಂಡರು. ಲಂಡನ್ನಿನ ಮೇಲೆ ಇನ್ನೂ ಬಾಂಬು ಬೀಳುತ್ತಿದ್ದ ಕಾಲದಲ್ಲಿ ಆಡಿದ ಮಾತು ಅದು. ಮುಂದೆ ಪೀಠದ ಹಿಂದಿನ ಗೋಡೆಯಲ್ಲಿ ಅವರು ಕೆತ್ತಿಸಿದ್ದು ತಂದೆಯಲ್ಲಿ ಕ್ಷಮೆ ಬೇಡುವ ಎರಡೇ ಪದ. ಯಾರನ್ನು ಕ್ಷಮಿಸಬೇಕೆಂದು ಅಲ್ಲಿ ಹೇಳಿಲ್ಲ, ಏಕೆಂದರೆ ಬೇಡುವವನೂ ಅದರೊಳಗೆ ಬರಬೇಕು. 1958ರಲ್ಲಿ ಕ್ಯಾನನ್ ಜೋಸೆಫ್ ಪೂಲ್ ಬರೆದ ಸಂಧಾನದ ಪ್ರಾರ್ಥನೆ ಏಳು ಮಹಾಪಾಪಗಳನ್ನು ಒಂದೊಂದಾಗಿ ಎತ್ತಿಕೊಂಡು, ಜನಾಂಗಗಳ ದ್ವೇಷ, ರಾಷ್ಟ್ರಗಳ ದುರಾಸೆಗಳನ್ನು ಹೆಸರಿಸಿ, ಪ್ರತಿಯೊಂದಕ್ಕೂ ಅದೇ ಮರುನುಡಿಯನ್ನು ಸಭೆಯ ಬಾಯಲ್ಲಿ ಹೇಳಿಸುತ್ತದೆ.

1552ರ ಪಠ್ಯದ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ನಾಲ್ಕು ಶತಮಾನದ ದೂರ ಕಾಣುತ್ತದೆ. ಕವೆಂಟ್ರಿಯ ಪ್ರಾರ್ಥನೆ ಬಾಯಿಮಾತಿಗೇ ನಿಲ್ಲಲಿಲ್ಲ. ಮೊಳೆಗಳ ಶಿಲುಬೆಗಳು ಕೀಲ್, ಡ್ರೆಸ್ಡೆನ್, ಬರ್ಲಿನ್‌ಗಳಿಗೆ ಹೋದವು. 1965ರಲ್ಲಿ ಬ್ರಿಟಿಷ್ ತರುಣ ತರುಣಿಯರು ಡ್ರೆಸ್ಡೆನ್ನಿಗೆ ಹೋಗಿ, ಬ್ರಿಟಿಷ್ ಬಾಂಬುಗಳೇ ಕೆಡವಿದ್ದ ಆಸ್ಪತ್ರೆಯೊಂದನ್ನು ಮತ್ತೆ ಕಟ್ಟಲು ಕೈಜೋಡಿಸಿದರು.

ಪೂರ್ವ ಜರ್ಮನಿಯ ಲೈಪ್‌ಜಿಗ್‌ನ ಸಂತ ನಿಕೊಲಾಯ್ ಚರ್ಚಿನ ಸೋಮವಾರದ ಶಾಂತಿಪ್ರಾರ್ಥನೆ ಬರ್ಲಿನ್ ಗೋಡೆ ಬಿದ್ದ ಕತೆಯ ಭಾಗವಾಗಿ ಲೋಕಪ್ರಸಿದ್ಧ. ಅದು ಹುಟ್ಟಿದ್ದು ಮಾತ್ರ ಕ್ಷಿಪಣಿಗಳ ಭಯದಿಂದ ಎಂಬುದು ಮರೆತುಹೋಗಿದೆ. ಶೀತಲ ಸಮರದ ಎರಡೂ ಬಣಗಳು ಜರ್ಮನ್ ನೆಲದಲ್ಲಿ ಅಣ್ವಸ್ತ್ರಗಳನ್ನು ಗುಡ್ಡೆಹಾಕುತ್ತಿದ್ದ ಹೊತ್ತಿನಲ್ಲಿ, 1980ರ ನವೆಂಬರಿನಲ್ಲಿ ಅಲ್ಲಿನ ಚರ್ಚುಗಳು ಹತ್ತು ದಿನಗಳ ಶಾಂತಿಪ್ರಾರ್ಥನೆಯನ್ನು ಆರಂಭಿಸಿದವು. 1982ರ ಸೆಪ್ಟೆಂಬರಿನಿಂದ ಲೈಪ್‌ಜಿಗ್‌ನಲ್ಲಿ ಅದು ವಾರವಾರದ ರೂಢಿಯಾಯಿತು. ಪಾದ್ರಿ ಕ್ರಿಸ್ತಿಯಾನ್ ಫ್ಯೂರರ್ ಚರ್ಚಿನ ಬಾಗಿಲು ಎಲ್ಲರಿಗೂ ತೆರೆದಿದೆಯೆಂದು ಸಾರಿದರು. ಹಲವು ಸಂಜೆಗಳಲ್ಲಿ ಸೇರುತ್ತಿದ್ದವರು ಬೆರಳೆಣಿಕೆಯವರು. 1988ರಲ್ಲಿ ಚರ್ಚಿನ ಹಿರಿಯರೇ ವಿರೋಧಿ ಗುಂಪುಗಳ ಕೈಯಿಂದ ಪ್ರಾರ್ಥನೆಯ ಹೊಣೆಯನ್ನು ಕಿತ್ತುಕೊಂಡಾಗ ಒಳಗೇ ಕಹಿಯೂ ಹುಟ್ಟಿತು. ಚರ್ಚು ಒಂದೇ ದನಿಯಲ್ಲಿ ಧೀರವಾಗಿತ್ತೆಂಬ ಚಿತ್ರ ಸುಳ್ಳು.

1989ರ ಅಕ್ಟೋಬರ್ 9ರಂದು ಆಳುವ ಪಕ್ಷದ ನೂರಾರು ಸದಸ್ಯರನ್ನು ಮುಂಚಿತವಾಗಿಯೇ ಕಳಿಸಿ ಚರ್ಚಿನ ಬೆಂಚುಗಳನ್ನು ತುಂಬಿಸಲಾಗಿತ್ತು. ಅವರನ್ನು ಯಾರೂ ಎಬ್ಬಿಸಲಿಲ್ಲ. ಅವರೂ ಪ್ರಾರ್ಥನೆ ಕೇಳಿದರು. ಹೊರಗೆ ಸಶಸ್ತ್ರ ಪೊಲೀಸರಿದ್ದರು. ಸುಮಾರು 70,000 ಜನ ಬೀದಿಯಲ್ಲಿ ನಡೆದರು, ಒಂದು ಗುಂಡೂ ಹಾರಲಿಲ್ಲ. ಸಂಗೀತ ನಿರ್ದೇಶಕ ಕುರ್ಟ್ ಮಾಸುರ್ ಮುಂತಾದ ಆರು ಮಂದಿಯ ಮನವಿ, ಮಾಸ್ಕೋದ ಬದಲಾದ ನೀತಿ, ಅಧಿಕಾರಿಗಳ ಗೊಂದಲ, ಎಲ್ಲವೂ ಇದಕ್ಕೆ ಕಾರಣ. ಪ್ರಾರ್ಥನೆಯೊಂದೇ ಕಾರಣವೆನ್ನುವುದು ಉತ್ಪ್ರೇಕ್ಷೆ. ಆದರೆ ಏಳು ವರ್ಷ ಎದುರಾಳಿಗೂ ಬಾಗಿಲು ತೆರೆದಿಟ್ಟ ಅಭ್ಯಾಸ ಆ ರಾತ್ರಿಯ ಜನರಿಗೆ ಕಲ್ಲೆತ್ತದ ಶಿಸ್ತು ಕೊಟ್ಟಿತೆಂಬುದು ನನ್ನ ದೃಢ ಅಭಿಪ್ರಾಯ.

ಆ ರಾತ್ರಿಗೆ ಮೂರು ವರ್ಷ ಮೊದಲು, 1986ರ ಅಕ್ಟೋಬರ್ 27ರಂದು, ಪೋಪ್ ಎರಡನೆಯ ಜಾನ್ ಪೌಲ್ ಅಸ್ಸಿಸಿಗೆ ಇತರ ಕ್ರೈಸ್ತ ಪಂಥಗಳವರನ್ನಷ್ಟೇ ಅಲ್ಲ, ದಲೈ ಲಾಮಾ ಸೇರಿದಂತೆ ಬೇರೆ ಧರ್ಮಗಳ ನಾಯಕರನ್ನೂ ಕರೆದರು. ಪ್ರತಿಯೊಬ್ಬರೂ ತಮ್ಮ ಕ್ರಮದಲ್ಲಿ ಬೇರೆಬೇರೆ ಜಾಗಗಳಲ್ಲಿ ಪ್ರಾರ್ಥಿಸಿ, ಕೊನೆಗೆ ಒಂದೆಡೆ ಸೇರಿದರು. ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ ಇದನ್ನು ಕಟುವಾಗಿ ಖಂಡಿಸಿದರು. ಆದರೆ ಬಿನ್ನಹದ ವ್ಯಾಪ್ತಿ ಕ್ರೈಸ್ತರ ಗಡಿಯನ್ನೂ ದಾಟಿದ್ದು ಅಲ್ಲಿಯೇ.

ಇಷ್ಟೆಲ್ಲ ತಿಳಿಯಲು ಸಾಧ್ಯವಾದದ್ದು ಆರಾಧನೆಯ ಪಠ್ಯಗಳನ್ನು, ಕರೆಯೋಲೆಗಳನ್ನು ಯಾರೋ ಕಾಪಿಟ್ಟದ್ದರಿಂದ. ನಮ್ಮ ಸಭೆಗಳ ಕಪಾಟುಗಳಲ್ಲೂ ಅಂಥ ಹಾಳೆಗಳಿವೆ: ಯುದ್ಧಕಾಲದ ವಿಶೇಷ ಪ್ರಾರ್ಥನೆಗಳು, ಸ್ತ್ರೀಸಂಘಗಳ ಕೈಬರಹದ ಅನುವಾದಗಳು, ಸಭಾಪಾಲಕರ ದಿನಚರಿಗಳು. ಸುಣ್ಣಬಣ್ಣದ ಹೊತ್ತಿಗೆ ಅವನ್ನು ರದ್ದಿಗೆ ಹಾಕಬೇಡಿ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಂಥ ಕಡೆಗೆ ತಲುಪಿಸಿ, ಇಲ್ಲವೇ ಒಂದು ಪ್ರತಿ ತೆಗೆಸಿಡಿ. ಕನ್ನಡದಲ್ಲಿ ಯುದ್ಧದ ನಡುವೆ ಯಾರಿಗಾಗಿ ಪ್ರಾರ್ಥಿಸಲಾಯಿತು ಎಂಬ ಚರಿತ್ರೆಯನ್ನು ಆ ಹಾಳೆಗಳಿಂದಲೇ ಬರೆಯಬೇಕು.