ಗಂಡಿಗಳ ಮೂಲಕ ಬಂದ ನುಡಿಗಳು: ಸಂಡೂರು ಕಣಿವೆಯ ಬಹುಭಾಷಿಕತೆಯ ಚರಿತ್ರೆ

ಬೆಟ್ಟನಾಡುಗಳಲ್ಲಿ ಭಾಷೆಗಳ ಸಂಖ್ಯೆ ಹೆಚ್ಚು, ಬಯಲುನಾಡುಗಳಲ್ಲಿ ಕಡಿಮೆ ಎಂಬುದು ಭಾಷಾಭೂಗೋಳದಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಜೊಹಾನಾ ನಿಕೋಲ್ಸ್ 1992ರಲ್ಲಿ ಮಂಡಿಸಿದ ವಿಂಗಡಣೆಯಂತೆ, ಕಾಕಸಸ್‌ನಂತಹ ಪರ್ವತಪ್ರದೇಶಗಳು ‘ಶೇಷವಲಯ’ಗಳು. ಬಯಲಿನಲ್ಲಿ ಒಂದು ಭಾಷೆ ಹರಡಿ ಉಳಿದವುಗಳನ್ನು ನುಂಗಿದರೂ, ಬೆಟ್ಟದ ಮರೆಯಲ್ಲಿ ಹಳೆಯ ಭಾಷೆಗಳು ಉಳಿದುಕೊಳ್ಳುತ್ತವೆ. ಬಳ್ಳಾರಿ ಜಿಲ್ಲೆಯ ಸಂಡೂರನ್ನು ನಕ್ಷೆಯಲ್ಲಿ ನೋಡಿದವರಿಗೆ ಈ ವಿವರಣೆ ಅಲ್ಲಿಗೂ ಸಲ್ಲುತ್ತದೆ ಎನಿಸಬಹುದು. ಎರಡು ಬೆಟ್ಟಸಾಲುಗಳ ನಡುವೆ ಉದ್ದಕ್ಕೆ ಚಾಚಿಕೊಂಡ ಕಣಿವೆ ಅದು. ಅಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು, ಲಂಬಾಣಿ ಹಾಗೂ ಗಣಿಯೂರುಗಳ ಹಿಂದಿ ಕೇಳಿಬರುತ್ತವೆ. ಆದರೆ ಈ ಭಾಷೆಗಳಲ್ಲಿ ಹೆಚ್ಚಿನವು ಬೆಟ್ಟದ ಮರೆಯಲ್ಲಿ ಉಳಿದುಕೊಂಡವುಗಳಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಹೊರಗಿನಿಂದ ಬಂದವು. ಆದ್ದರಿಂದ ಸಂಡೂರಿನ ಭಾಷಾಚರಿತ್ರೆಯನ್ನು ಬೆಟ್ಟಗಳಿಂದ ಅಲ್ಲ, ಬೆಟ್ಟಗಳ ನಡುವಿನ ದಾರಿಗಳಿಂದ ಓದಬೇಕೆಂಬುದು ಪ್ರಸ್ತುತ ಲೇಖನದ ವಾದ.

ಸ್ಥಳನಾಮಗಳ ಪದರಗಳು

ಕಣಿವೆಯ ಮುಖ್ಯ ಹೊಳೆ ನಾರಿಹಳ್ಳ. ಅದು ಬೆಟ್ಟಸಾಲನ್ನು ಎರಡು ಕಡೆ ಸೀಳಿ ಹರಿಯುತ್ತದೆ. ಆ ಸೀಳುಗಳಿಗೆ ಓಬಳಗಂಡಿ, ಭೀಮಗಂಡಿ ಎಂದು ಹೆಸರು. ‘ಗಂಡಿ’ ಎಂಬುದು ಕನ್ನಡ ತೆಲುಗುಗಳೆರಡಕ್ಕೂ ಸೇರಿದ ದ್ರಾವಿಡ ಪದ. ಗೋಡೆಯ ಒಡಕು, ಬೆಟ್ಟದ ನಡುವಿನ ಇಕ್ಕಟ್ಟಾದ ದಾರಿ ಎರಡನ್ನೂ ಅದು ಸೂಚಿಸುತ್ತದೆ. ಊರಿನ ಹೆಸರಿನ ನಿಷ್ಪತ್ತಿ ಇಷ್ಟು ಸುಲಭವಲ್ಲ. ಕುಮಾರಸ್ವಾಮಿಯ ಕ್ಷೇತ್ರವಾದ ಕಾರಣ ‘ಸ್ಕಂದ’ ಪದದಿಂದ ಸಂಡೂರು ಬಂದಿತೆನ್ನುವ ವಿವರಣೆ ಭಕ್ತರಿಗೆ ಹಿತವಾದದ್ದು. ಆದರೆ ‘ಸ್ಕಂದ’ ಪದ ದ್ರಾವಿಡ ಭಾಷೆಗಳಲ್ಲಿ ‘ಕಂದ’ ಎಂದು ತದ್ಭವವಾಗುವುದೇ ವಾಡಿಕೆ. ಅಲ್ಲಿ ಆದಿಯ ಸಕಾರ ಉಳಿಯುವುದಿಲ್ಲ. ಭೂಲಕ್ಷಣವನ್ನು ನೆನೆದು ‘ಸಂದು’ ಎಂಬ ಪದವನ್ನು ಮುಂದಿಟ್ಟರೆ ಅರ್ಥವೇನೋ ಹೊಂದುತ್ತದೆ. ಆದರೆ ದಂತ್ಯ ದಕಾರ ಮೂರ್ಧನ್ಯ ಡಕಾರವಾದದ್ದಕ್ಕೆ ಸಮಾಧಾನ ಹೇಳಬೇಕಾಗುತ್ತದೆ. ಎರಡು ನಿಷ್ಪತ್ತಿಗಳೂ ಆ ಡಕಾರದ ಮುಂದೆ ನಿಂತುಬಿಡುತ್ತವೆ.

ಉಳಿದ ಹೆಸರುಗಳು ಹೆಚ್ಚು ಸ್ಪಷ್ಟವಾಗಿ ಮಾತನಾಡುತ್ತವೆ. ಯೆಟ್ಟಿನಹಟ್ಟಿಯ ‘ಹಟ್ಟಿ’ ದನಕುರಿಗಳನ್ನು ಸಾಕುವವರ ನೆಲೆಯನ್ನು, ಸ್ವಾಮಿಹಳ್ಳಿಯ ‘ಹಳ್ಳಿ’ ಒಕ್ಕಲುತನದ ನೆಲೆಯನ್ನು ಸೂಚಿಸುತ್ತವೆ. ಕೃಷ್ಣಾನಗರ, ಯಶವಂತನಗರ, ತಾರಾನಗರಗಳು ಬೇರೆ ಪದರಕ್ಕೆ ಸೇರಿದವು. ಆಳುವವರು ಕೊಟ್ಟ ಹೆಸರಿನ ಜಾಡು ಅವುಗಳಲ್ಲಿದೆ. ಯಶವಂತ ಎಂಬುದು ಸಂಡೂರನ್ನಾಳಿದ ಘೋರ್ಪಡೆ ಮನೆತನದಲ್ಲಿ ಬಳಕೆಯಲ್ಲಿದ್ದ ಹೆಸರು. ಒಂದೇ ಬೆಟ್ಟಕ್ಕೆ ರಾಮನದುರ್ಗ ಎಂದೂ ರಾಮಗಡ ಎಂದೂ ಎರಡು ಹೆಸರುಗಳಿರುವುದು ಇನ್ನೂ ಕುತೂಹಲಕರ. ಮೊದಲನೆಯದರಲ್ಲಿ ಕನ್ನಡದ ಷಷ್ಠೀ ವಿಭಕ್ತಿ ಇದೆ. ಎರಡನೆಯದರಲ್ಲಿ ಮರಾಠಿಗರ ‘ಗಡ’ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿಯ ದಂಡಿನ ಬ್ರಿಟಿಷ್ ಸೈನಿಕರು ಆರೋಗ್ಯಕ್ಕಾಗಿ ಹತ್ತುತ್ತಿದ್ದ ಬೆಟ್ಟವೂ ಇದೇ.

ದೋಣಿಮಲೈ, ಸ್ವಾಮಿಮಲೈ ಎಂಬ ರೂಪಗಳನ್ನೂ ಇಲ್ಲಿಯೇ ಗಮನಿಸಬೇಕು. ಬೆಟ್ಟ ಎಂಬರ್ಥದ ಕನ್ನಡ ಪದ ‘ಮಲೆ’. ಅದು ನೆರೆಯ ಜರಿಮಲೆಯ ಹೆಸರಿನಲ್ಲಿ ಹಾಗೆಯೇ ಉಳಿದಿದೆ. ‘ಮಲೈ’ ತಮಿಳಿನ ರೂಪ. ಬಳ್ಳಾರಿ ಸೀಮೆ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದ ದಾಖಲೆಗಳ ರೋಮನ್ ಕಾಗುಣಿತ ಈ ಹೆಸರುಗಳನ್ನು ನೆಲೆಗೊಳಿಸಿರಬೇಕೆಂದು ಊಹಿಸಬಹುದು. ಹೀಗೆ ತಮಿಳು ಮನೆಮಾತಿನವರು ಬಂದು ನೆಲೆಸದೆಯೂ ತಮಿಳಿನ ಒಂದು ರೂಪ ಕನ್ನಡ ಕಣಿವೆಯ ನೆತ್ತಿಯ ಮೇಲೆ ಕುಳಿತಿರಲು ಸಾಧ್ಯ.

ಸಂಸ್ಥಾನದ ಕಾಲ

1728ರಲ್ಲಿ ಮರಾಠಾ ಸೇನಾನಿ ಸಿದ್ಧೋಜಿರಾವ್ ಘೋರ್ಪಡೆ ಜರಿಮಲೆಯ ಬೇಡ ಪಾಳೆಯಗಾರರಿಂದ ಸಂಡೂರನ್ನು ವಶಪಡಿಸಿಕೊಂಡನು. ಅವನ ಮಗ ಗುತ್ತಿಯ ಮುರಾರಿರಾವ್. 1776ರಲ್ಲಿ ಗುತ್ತಿ ಹೈದರಾಲಿಯ ವಶವಾಯಿತು. ಕಣಿವೆಯ ಕೃಷ್ಣಾನಗರದ ಕೋಟೆ ಹೈದರ್ ಹಾಗೂ ಟಿಪ್ಪುವಿನ ಕಾಲದ ಕೆಲಸ. ಟಿಪ್ಪುವಿನ ನಂತರದ ವರ್ಷಗಳಲ್ಲಿ ಘೋರ್ಪಡೆಯವರು ಮತ್ತೆ ನೆಲೆಯೂರಿದರಾದರೂ, ಪೇಶ್ವೆ ಎರಡನೆಯ ಬಾಜಿರಾಯನ ಪರವಾಗಿ 1817ರಲ್ಲಿ ಥಾಮಸ್ ಮನ್ರೋ ಸಂಡೂರನ್ನು ವಶಪಡಿಸಿಕೊಂಡನು. ಪೇಶ್ವೆಯ ಪತನವಾದ ಮೇಲೆ, 1818ರಲ್ಲಿ, ಅದು ಹಳೆಯ ಮನೆತನಕ್ಕೇ ಮರಳಿತು. ಅಲ್ಲಿಂದ 1949ರವರೆಗೆ ಸುಮಾರು 160 ಚದರ ಮೈಲಿಯ ಈ ಪುಟ್ಟ ಸಂಸ್ಥಾನ ಮದರಾಸು ಪ್ರಾಂತ್ಯದ ನಡುವೆ ಒಂದು ದ್ವೀಪದಂತೆ ಬಾಳಿತು. 1901ರ ಜನಗಣತಿಯ ಕಾಲಕ್ಕೆ ಅದರ ಜನಸಂಖ್ಯೆ ಸುಮಾರು 11,000.

ಅರಮನೆಯ ಮನೆಮಾತು ಮರಾಠಿ; ಪ್ರಜೆಗಳಲ್ಲಿ ಹೆಚ್ಚಿನವರ ಮಾತು ಕನ್ನಡ. ಎರಡು ಶತಮಾನಗಳ ಆಳ್ವಿಕೆಯಿಂದಲೂ ಕಣಿವೆ ಮರಾಠಿಯಾಗಲಿಲ್ಲ. ಅಧಿಕಾರ ಹೊಂದಿದ ಭಾಷೆಯೇ ಗೆಲ್ಲುತ್ತದೆ ಎಂಬ ಸರಳ ಸೂತ್ರಕ್ಕೆ ಇದು ತಕ್ಕ ಎದುರುದಾಹರಣೆ. ಮರಾಠಿ ಇಲ್ಲಿ ಒಂದು ಮನೆತನದ, ಅದನ್ನು ಆಶ್ರಯಿಸಿದ ಕುಟುಂಬಗಳ ಭಾಷೆಯಾಗಿ ಬಂದಿತು. ಹೊಲ, ಸಂತೆ, ಮಠಗಳ ವ್ಯವಹಾರವನ್ನು ಅದು ಹಿಡಿಯಲಿಲ್ಲ. ಸನದು, ದಫ್ತರ, ಜಹಗೀರು ಮೊದಲಾದ ಆಡಳಿತ ಪದಗಳು ಕನ್ನಡಕ್ಕೆ ಬಂದದ್ದು ನಿಜ. ಆದರೆ ಅವು ಫಾರಸಿ ಅರಬ್ಬಿ ಮೂಲದವು. ದಖನ್ನಿನ ಎಲ್ಲ ಕಚೇರಿಗಳಿಗೂ ಸಾಮಾನ್ಯವಾದ ಆಸ್ತಿ ಅವು. ಸಂಡೂರಿನ ಮರಾಠಿಯ ವಿಶೇಷ ಕೊಡುಗೆಯೆಂದು ಎಣಿಸುವಂತಿಲ್ಲ.

ಕೊನೆಯ ಅರಸ ಯಶವಂತರಾವ್ ಘೋರ್ಪಡೆಯವರ ಕಾಲದಲ್ಲಿ, 1932ರಲ್ಲಿ, ಕುಮಾರಸ್ವಾಮಿ ದೇವಾಲಯದ ಬಾಗಿಲು ಹರಿಜನರಿಗೆ ತೆರೆಯಿತು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು. 1949ರಲ್ಲಿ ಸಂಸ್ಥಾನ ಬಳ್ಳಾರಿ ಜಿಲ್ಲೆಯಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಆಂಧ್ರಕ್ಕೆ ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿದಾಗ ಸಂಡೂರೂ ಅದರೊಂದಿಗೆ ಬಂದಿತು. ಆಗ ಎಳೆದ ಗೆರೆಗೆ ಭಾಷೆಯೇ ಆಧಾರವೆಂದು ಹೇಳಲಾಯಿತು. ಗೆರೆಯ ಎರಡೂ ಬದಿಯ ಮನೆಗಳಲ್ಲಿ ಎರಡೂ ಭಾಷೆಗಳು ಮುಂದುವರಿದವು.

ತಾಂಡಾದ ನುಡಿ

ಲಂಬಾಣಿಗರ ಬರವಿಗೆ ರಾಜ್ಯಭಾರ ಕಾರಣವಲ್ಲ, ಸಾರಿಗೆ ಕಾರಣ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖನ್ನಿನ ಉದ್ದಗಲಕ್ಕೆ ಸಂಚರಿಸಿದ ಈ ಸಮುದಾಯ ಸೈನ್ಯಗಳಿಗೂ ದವಸ ಒದಗಿಸುತ್ತಿತ್ತು. 1791–92ರ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯ ನೆಚ್ಚಿಕೊಂಡದ್ದು ಬಂಜಾರರ ಎತ್ತುಗಳನ್ನೇ. ರೈಲು ಬಂದ ಮೇಲೆ ಆ ಕಸುಬು ಕುಸಿದು, ತಾಂಡಾಗಳು ಬೆಟ್ಟದ ಬುಡಗಳಲ್ಲಿ ನೆಲೆನಿಂತವು. ಅವರ ನುಡಿ ರಾಜಸ್ಥಾನಿಗೆ ಹತ್ತಿರವಾದ ಇಂಡೋ ಆರ್ಯನ್ ಭಾಷೆ. ತಮ್ಮವರನ್ನು ಅವರು ‘ಗೋರ್’ ಎನ್ನುತ್ತಾರೆ, ಹೊರಗಿನವರನ್ನು ‘ಕೋರ್’ ಎನ್ನುತ್ತಾರೆ. ಆದಿವ್ಯಂಜನದ ಘೋಷ ಅಘೋಷ ಭೇದವೊಂದರ ಮೇಲೆ ಸಮುದಾಯದ ಗಡಿ ನಿಂತಿದೆ.

1980ರ ದಶಕದಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರ ಲಂಬಾಣಿ ಕಸೂತಿಗೆ ಮಾರುಕಟ್ಟೆ ಕಲ್ಪಿಸಿತು. ‘ಸಂಡೂರು ಲಂಬಾಣಿ ಕಸೂತಿ’ಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಗುಂಪಿನ ಸಭೆ ನಡೆದಾಗ, 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಆದರೆ ಫೇಟಿಯಾ, ಕಾಂಚಳಿಗಳಿಗೆ ದೊರೆತ ಮನ್ನಣೆ ಅವುಗಳನ್ನು ಹೆಸರಿಸುವ ಭಾಷೆಗೆ ದೊರೆತಿಲ್ಲ. ಲಂಬಾಣಿ ಎಂಟನೆಯ ಅನುಸೂಚಿಯಲ್ಲಿಲ್ಲ. ಬರೆಯುವವರು ಕರ್ನಾಟಕದಲ್ಲಿ ಕನ್ನಡ ಲಿಪಿಯನ್ನೂ, ತೆಲಂಗಾಣದಲ್ಲಿ ತೆಲುಗು ಲಿಪಿಯನ್ನೂ, ಮಹಾರಾಷ್ಟ್ರದಲ್ಲಿ ದೇವನಾಗರಿಯನ್ನೂ ಆಶ್ರಯಿಸುತ್ತಾರೆ. ಸಮುದಾಯದ ಕಾನೂನು ಸ್ಥಾನವೂ ಹಾಗೆಯೇ ಬದಲಾಗುತ್ತದೆ: ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ.

ಅದಿರಿನ ದಾರಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮ್ಯಾಂಗನೀಸ್ ಗಣಿಗಾರಿಕೆ ಕಣಿವೆಯನ್ನು ಲೋಕದ ಮಾರುಕಟ್ಟೆಗೆ ಜೋಡಿಸಿತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. 1977ರಲ್ಲಿ ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಗಣಿ ಕೆಲಸ ಆರಂಭಿಸಿತು. ಹೊಸಪೇಟೆಯ ಕಡೆಯಿಂದ ಸ್ವಾಮಿಹಳ್ಳಿಗೆ ಹೋಗುವ, ಯಶವಂತನಗರವನ್ನು ಮುಟ್ಟುವ ರೈಲುಹಾದಿಯ ಮುಖ್ಯ ಸರಕು ಅದಿರೇ. ಗಣಿಯ ವಸತಿಗಳಿಗೆ ದೇಶದ ನಾನಾ ಕಡೆಯಿಂದ ನೌಕರರು ಬಂದರು. ಅಲ್ಲಿ ಹಿಂದಿ, ಇಂಗ್ಲಿಷ್‌ಗಳಿಗೆ ಹೊಸ ವ್ಯವಹಾರಕ್ಷೇತ್ರ ಹುಟ್ಟಿತು. 2000ದ ದಶಕದಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳ ಬೇಡಿಕೆಯಿಂದ ಲಾರಿಗಳ ಸಾಲು ಬೆಳೆಯಿತು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದು, 2013ರ ಏಪ್ರಿಲ್‌ನಲ್ಲಿ ಷರತ್ತುಗಳೊಡನೆ ಮತ್ತೆ ಅವಕಾಶ ನೀಡಿತು. ಭಾಷಾಚರಿತ್ರೆಯ ದೃಷ್ಟಿಯಿಂದ ಇದರ ಪಾಠ ಇಷ್ಟೆ: ಕಣಿವೆಯ ಭಾಷಾಸ್ಥಿತಿಯನ್ನು ಬದಲಿಸುವ ತೀರ್ಮಾನಗಳು ಕಣಿವೆಯ ಹೊರಗೆ, ಕೆಲವೊಮ್ಮೆ ಸಾವಿರಾರು ಮೈಲಿ ದೂರದಲ್ಲಿ ಆಗುತ್ತವೆ.

ಎಣಿಕೆಯ ಪ್ರಶ್ನೆ

ಅದಿರನ್ನು ಬೇಡಿದ ಆ ಚೀನಾದಲ್ಲಿಯೂ ಹೋಲಿಕೆಗೆ ಯೋಗ್ಯವಾದ ಬೆಟ್ಟದೂರುಗಳಿವೆ. ಗುಯ್‌ಝೌ ಪ್ರಾಂತ್ಯದ ಕೈಲಿ ನಗರ 1956ರಲ್ಲಿ ರಚಿತವಾದ ಮ್ಯಾವೋ–ಡೊಂಗ್ ಸ್ವಾಯತ್ತ ವಿಭಾಗದ ಕೇಂದ್ರ. ಅಲ್ಲಿಯೂ ಬೆಟ್ಟ, ಅಲ್ಲಿಯೂ ಕಸೂತಿ, ಅಲ್ಲಿಯೂ ಬೇರೆ ಬೇರೆ ಕುಟುಂಬಗಳ ಭಾಷೆಗಳ ಸಹವಾಸ. ನೈಋತ್ಯ ಮ್ಯಾಂಡರಿನ್ ಅವುಗಳ ನಡುವಿನ ವ್ಯವಹಾರ ಭಾಷೆ. 1950ರ ದಶಕದ ಜನಾಂಗ ವರ್ಗೀಕರಣ ‘ಮ್ಯಾವೋ’ ಎಂಬ ಒಂದೇ ಹೆಸರಿನಡಿ ಪರಸ್ಪರ ಅರ್ಥವಾಗದ ಹಲವು ಭಾಷೆಗಳನ್ನು ಕೂಡಿಸಿತು. ಆದರೂ ಅವುಗಳಲ್ಲಿ ಕೈಲಿಯ ಸುತ್ತಿನ ಭಾಷೆಗೆ ಹತ್ತಿರದ ಯಾಂಗ್‌ಹಾವೊ ಹಳ್ಳಿಯ ಮಾತನ್ನು ಆಧಾರವಾಗಿಟ್ಟುಕೊಂಡು ಪ್ರತ್ಯೇಕ ಬರೆಹದ ರೂಪವೊಂದನ್ನು ಕಟ್ಟಲಾಯಿತು.

ನಮ್ಮಲ್ಲಿ ಕೂಡಿಸುವಿಕೆ ನಡೆದಿದೆ, ಕಟ್ಟುವಿಕೆ ನಡೆದಿಲ್ಲ. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ಎಂದು ಮಾತೃಭಾಷೆ ಹೇಳಿದವರು 32 ಲಕ್ಷಕ್ಕೂ ಹೆಚ್ಚು. ಬಂಜಾರಿ ಎಂದವರು 15 ಲಕ್ಷಕ್ಕೂ ಹೆಚ್ಚು. ಈ ಎರಡು ಸಂಖ್ಯೆಗಳೂ ಪ್ರಕಟಿತ ಕೋಷ್ಟಕದಲ್ಲಿ ‘ಹಿಂದಿ’ಯ ಶೀರ್ಷಿಕೆಯಡಿ ಸೇರಿವೆ. ಹೀಗಾಗಿ ಸಂಡೂರಿನ ತಾಂಡಾದ ಹಿರಿಯಳೂ ದೋಣಿಮಲೈಗೆ ಉತ್ತರದಿಂದ ಬಂದ ಗಣಿನೌಕರನೂ ಕೋಷ್ಟಕದ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಶಾಲೆಯ ಮೊದಲ ತರಗತಿಯಲ್ಲಿ ಕನ್ನಡವನ್ನು ಎರಡನೆಯ ಭಾಷೆಯಾಗಿ ಎದುರಿಸುವ ತಾಂಡಾದ ಮಗುವಿಗೆ ಪಠ್ಯ ಬರೆಯಬೇಕಾದವರಿಗೆ, ಶಿಕ್ಷಕರನ್ನು ಸಿದ್ಧಗೊಳಿಸಬೇಕಾದವರಿಗೆ, ಇಂತಹ ಕೋಷ್ಟಕ ಯಾವ ನೆರವನ್ನೂ ನೀಡುವುದಿಲ್ಲ. ಅಂಕಿಸಂಖ್ಯೆಯಲ್ಲಿ ಮರೆಯಾದ ಭಾಷೆ ಧನಸಹಾಯದ ಯೋಜನೆಗಳಲ್ಲಿಯೂ ಮರೆಯಾಗುತ್ತದೆ.

ಮುಂದಿನ ಅಧ್ಯಯನ

ಗುಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಸಾಂಗ್ಲಿಯ ಬಳಿಯ ಕುಪವಾಡದ ಬಗೆಗೆ ಪ್ರಕಟಿಸಿದ ಅಧ್ಯಯನ ಭಾಷಾಸಂಪರ್ಕದ ಎಲ್ಲ ಪಠ್ಯಗಳಲ್ಲೂ ಬರುತ್ತದೆ. ಅಲ್ಲಿ ಕನ್ನಡ, ಮರಾಠಿ, ಉರ್ದುಗಳು ಶತಮಾನಗಳ ಸಹಬಾಳ್ವೆಯಲ್ಲಿ ಪದಗಳನ್ನು ಬೇರೆಬೇರೆಯಾಗಿ ಉಳಿಸಿಕೊಂಡು ವಾಕ್ಯರಚನೆಯಲ್ಲಿ ಒಂದಾದವು. ‘ಇದು ನಿಮ್ಮ ಮನೆ’ ಎಂದು ಕ್ರಿಯಾಪದವಿಲ್ಲದೆ ಮುಗಿಯುವ ಕನ್ನಡ ವಾಕ್ಯ ಕುಪವಾಡದಲ್ಲಿ ಮರಾಠಿ, ಉರ್ದುಗಳಂತೆ ಸಂಯೋಜಕ ಕ್ರಿಯಾಪದವನ್ನು ಪಡೆಯಿತು. ಭಾಷೆಗಳ ಪಟ್ಟಿ ಸಂಡೂರಿನದೂ ಹೆಚ್ಚುಕಡಿಮೆ ಅದೇ, ಜೊತೆಗೆ ಲಂಬಾಣಿ. ಆದರೆ ಸಾಮಾಜಿಕ ಏರ್ಪಾಡು ಬೇರೆ. ಕುಪವಾಡದಲ್ಲಿ ಭಾಷೆಗಳು ಒಂದೇ ಊರಿನ ಕೇರಿಗಳಲ್ಲಿ ನಿತ್ಯ ಎದುರಾದವು. ಸಂಡೂರಿನಲ್ಲಿ ಅರಮನೆ, ತಾಂಡಾ, ಗಣಿವಸತಿಗಳು ಒಂದೊಂದು ಭಾಷೆಗೆ ಒಂದೊಂದು ಆವರಣ ಕಟ್ಟಿದವು. ಆವರಣಗಳು ಬೇರೆಯಾದಲ್ಲಿ ವ್ಯಾಕರಣದ ಒಮ್ಮುಖತೆ ದುರ್ಬಲವಾಗಿರಬೇಕು ಎಂಬುದು ಪರೀಕ್ಷಿಸಬಹುದಾದ ಊಹೆ. ತಾಂಡಾದ ಲಂಬಾಣಿ, ಸಂತೆಯ ದಖನಿ ಉರ್ದು ಹಾಗೂ ಯಶವಂತನಗರದಂತಹ ಊರಿನ ಕನ್ನಡದಲ್ಲಿ ಸಂಯೋಜಕ ಕ್ರಿಯಾಪದ, ಸಾಪೇಕ್ಷ ವಾಕ್ಯ, ಉದ್ಧರಣಸೂಚಕಗಳನ್ನು ಒಟ್ಟಿಗೆ ಸಂಗ್ರಹಿಸಿದರೆ ಉತ್ತರ ದೊರೆಯುತ್ತದೆ.

ಈ ಕೆಲಸಕ್ಕೆ ಕಾಲಮಿತಿಯಿದೆ. ಎತ್ತಿನ ಮೇಲೆ ಹೇರು ಸಾಗಿಸಿದವರ ಮೊಮ್ಮಕ್ಕಳು ಇಂದು ತಾಂಡಾದ ಹಿರಿಯರು. ಅವರ ಮೊಮ್ಮಕ್ಕಳ ಓದು ಕನ್ನಡ, ಇಂಗ್ಲಿಷ್‌ಗಳಲ್ಲಿ ಸಾಗಿದೆ. ಭಾಷೆಯನ್ನು ಉಳಿಸುವ ಬಲ ಬೆಟ್ಟಕ್ಕಿಲ್ಲವೆಂದು ಸಂಡೂರಿನ ಚರಿತ್ರೆ ತೋರಿಸುತ್ತದೆ. ಇಲ್ಲಿ ಭಾಷೆಗಳನ್ನು ಉಳಿಸಿದ್ದು ಕಸುಬು, ನೆಲೆ ಮತ್ತು ಬಳಕೆಯ ಆವರಣಗಳು. ಆ ಆವರಣಗಳಲ್ಲಿ ಇಂದು ಯಾವುವು ಉಳಿದಿವೆ, ಯಾವುವು ಅಳಿದಿವೆ ಎಂಬುದನ್ನು ತಾಂಡಾ ತಾಂಡಾಕ್ಕೆ ಹೋಗಿ ದಾಖಲಿಸುವುದು, ಲಂಬಾಣಿಯನ್ನು ಲಂಬಾಣಿಯೆಂದೇ ಎಣಿಸುವಂತೆ ಒತ್ತಾಯಿಸುವುದು, ಈ ಪ್ರದೇಶದ ಭಾಷಾವಿಜ್ಞಾನಿಗಳ ಮುಂದಿರುವ ಮೊದಲ ಕೆಲಸ.