ಗಾಜಿನ ಜಾಡಿಯಿಂದ ಗಣಕದ ಪರದೆಗೆ

ಸಾವಿರ ಶಿಶುಗಳು ಹುಟ್ಟಿದರೆ ಅವುಗಳಲ್ಲಿ ಸುಮಾರು ಎಂಟು-ಒಂಬತ್ತರ ಹೃದಯದಲ್ಲಿ ಹುಟ್ಟಿನಿಂದಲೇ ಏನಾದರೊಂದು ದೋಷವಿರುತ್ತದೆ. ಆ ಮಗುವನ್ನು ಮೊದಲು ನೋಡುವವರು ಹೃದಯತಜ್ಞರಲ್ಲ. ಹೆರಿಗೆ ಮಾಡಿಸಿದ ದಾದಿ, ಇಲ್ಲವೇ ಊರಿನ ವೈದ್ಯರು. ದೋಷ ಅವರ ಗಮನಕ್ಕೆ ಬಾರದಿದ್ದರೆ ನಗರದ ಶಸ್ತ್ರವೈದ್ಯರ ನೈಪುಣ್ಯದಿಂದ ಮಗುವಿಗೆ ಪ್ರಯೋಜನವಿಲ್ಲ. ದೂರದಲ್ಲಿರುವವರಿಗೆ ಈ ವಿದ್ಯೆಯನ್ನು ಕಲಿಸುವುದು ಹೇಗೆ? ಈ ಪ್ರಶ್ನೆ ಅಂತರಜಾಲಕ್ಕಿಂತ ಬಹಳ ಹಳೆಯದು.

ಕೆನಡಾದ ಮಾಡ್ ಅಬಟ್ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ವೈದ್ಯಕೀಯ ತರಗತಿಗೆ ಪ್ರವೇಶ ಸಿಗಲಿಲ್ಲ. ಬೇರೆಡೆ ಓದಿ 1894ರಲ್ಲಿ ವೈದ್ಯೆಯಾದ ಅವರಿಗೆ 1898ರಲ್ಲಿ ಅದೇ ಮೆಕ್‌ಗಿಲ್‌ನ ವೈದ್ಯಕೀಯ ಸಂಗ್ರಹಾಲಯದಲ್ಲಿ ಕೆಲಸ ದೊರೆಯಿತು! ಜಾಡಿಗಳಲ್ಲಿ ಕಾಪಿಟ್ಟಿದ್ದ ಮಾದರಿಗಳ ನಡುವೆ ಅವರಿಗೊಂದು ವಿಚಿತ್ರ ಹೃದಯ ಕಂಡಿತು. ಎರಡು ಹೃತ್ಕುಕ್ಷಿಗಳು ಇರಬೇಕಾದಲ್ಲಿ ಕೆಲಸ ಮಾಡುವ ಕುಕ್ಷಿ ಒಂದೇ. ಅದರ ಜಾಡು ಹಿಡಿದು ಹೊರಟ ಅಬಟ್ 1936ರಲ್ಲಿ ಸಾವಿರ ಪ್ರಕರಣಗಳನ್ನು ಆಧರಿಸಿದ ಚಿತ್ರಸಂಪುಟವನ್ನು ಪ್ರಕಟಿಸಿದರು. ಮಾಂಟ್ರಿಯಲ್ ಕಾಣದ ವೈದ್ಯರಿಗೂ ಆ ಜಾಡಿಗಳು ಎಟುಕಿದವು.

ಅಬಟ್ ಅವರಿಂದ ಕಲಿತವರಲ್ಲಿ ಅಮೆರಿಕದ ಹೆಲೆನ್ ಟಾಸಿಗ್ ಒಬ್ಬರು. 1930ರಿಂದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಕ್ಕಳ ಹೃದಯ ಚಿಕಿತ್ಸಾಲಯ ನಡೆಸಿದ ಇವರಿಗೆ ಕಿವಿ ಮಂದವಾಗಿತ್ತು. ಸ್ಟೆತಾಸ್ಕೋಪಿನ ಬದಲು ಬೆರಳುಗಳನ್ನೇ ಎದೆಯ ಮೇಲಿಟ್ಟು ಮಿಡಿತವನ್ನು ಅರಿಯುತ್ತಿದ್ದರು. ಶ್ವಾಸಕೋಶಕ್ಕೆ ರಕ್ತ ಸಾಲದೆ ನೀಲಿಗಟ್ಟುವ ಕೆಲವು ಶಿಶುಗಳಲ್ಲಿ, ಹುಟ್ಟಿದ ಮೇಲೆ ಮುಚ್ಚಿಕೊಳ್ಳುವ ಒಂದು ನಾಳ ತೆರೆದೇ ಇದ್ದಷ್ಟು ಕಾಲ ಮಗು ಸುಮಾರಾಗಿರುತ್ತದೆ, ಮುಚ್ಚಿದೊಡನೆ ಸ್ಥಿತಿ ಬಿಗಡಾಯಿಸುತ್ತದೆ ಎಂಬುದನ್ನು ಅವರು ಗಮನಿಸಿದರು. ಹಾಗಾದರೆ ಅಂಥ ದಾರಿಯನ್ನು ನಾವೇ ಏಕೆ ಮಾಡಿಕೊಡಬಾರದು?

1944ರ ನವೆಂಬರ್ 29ರಂದು ಆಲ್ಫ್ರೆಡ್ ಬ್ಲಾಲಾಕ್ ಆ ಶಸ್ತ್ರಕ್ರಿಯೆ ಮಾಡಿದರು. ಅವರ ಬೆನ್ನ ಹಿಂದೆ ಮೆಟ್ಟಿಲಿನ ಮೇಲೆ ನಿಂತು ಸಲಹೆ ಕೊಡುತ್ತಿದ್ದವರು ವಿವಿಯನ್ ಥಾಮಸ್. ನಾಯಿಗಳ ಮೇಲೆ ಪ್ರಯೋಗಿಸಿ ವಿಧಾನವನ್ನು ಪಳಗಿಸಿದ್ದ ಈ ಕಪ್ಪುವರ್ಣೀಯ ತಂತ್ರಜ್ಞರಿಗೆ ವೈದ್ಯ ಪದವಿ ಇರಲಿಲ್ಲ. ಮುಂದೆ ಎಷ್ಟೋ ಶಸ್ತ್ರವೈದ್ಯರು ಇವರಿಂದ ಕಲಿತರು. ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ, ತೀರ ತಡವಾಗಿ.

ಟಾಸಿಗ್ ಬಳಿ ಕಲಿತ ಎಸ್. ಪದ್ಮಾವತಿ 1953ರಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು ಸೇರಿದರು. ಆಗ ಕಲಿಯುವವರು ಕಡಲು ದಾಟಬೇಕಿತ್ತು. ಅರ್ಧ ಶತಮಾನದ ನಂತರ, 2002ರಲ್ಲಿ, ಇಸ್ರೊದ ಉಪಗ್ರಹ ಸಂಪರ್ಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಿತು. ತಜ್ಞರ ಸಲಹೆ ತಾಲ್ಲೂಕಿಗೇ ಬಂತು. ಪ್ರತಿ ಸಲಹೆಯೂ ಅಲ್ಲಿನ ವೈದ್ಯರಿಗೆ ಒಂದು ಪಾಠವೇ ತಾನೆ?

ಈಗ ಅಂತರಜಾಲದಲ್ಲಿ ಹೃದಯದ ಮರ್ಮರ ಧ್ವನಿಯನ್ನು ನೂರು ಸಲ ಕೇಳಬಹುದು, ಪ್ರತಿಧ್ವನಿ ಚಿತ್ರವನ್ನು ನಿಲ್ಲಿಸಿ ನೋಡಬಹುದು. ನವಜಾತ ಶಿಶುವಿನ ಬಲಗೈ ಮತ್ತು ಒಂದು ಪಾದಕ್ಕೆ ಪಲ್ಸ್ ಆಕ್ಸಿಮೀಟರ್ ಹಚ್ಚಿ ರಕ್ತದ ಆಮ್ಲಜನಕ ಅಳೆಯುವ ಕ್ರಮವನ್ನು ದಾದಿಯರಿಗೆ ಪರದೆಯ ಮೇಲೆಯೇ ಕಲಿಸಬಹುದು. ಆದರೆ ಮಹಾಧಮನಿ ಕಿರಿದಾಗಿರುವ ದೋಷ ಈ ಉಪಕರಣಕ್ಕೆ ಎಷ್ಟೋ ಬಾರಿ ಸಿಗುವುದಿಲ್ಲ. ಅಲ್ಲಿ ಶಿಶುವಿನ ತೊಡೆಸಂದಿನ ನಾಡಿಯನ್ನು ಮುಟ್ಟಿ ನೋಡಬೇಕು. ಮಿಡಿತ ಕ್ಷೀಣವಾಗಿದ್ದರೆ ಸಂಶಯಪಡಬೇಕು. ಆ ಕ್ಷೀಣತೆ ಎಷ್ಟೆಂಬುದು ಹತ್ತಾರು ಆರೋಗ್ಯವಂತ ಶಿಶುಗಳ ನಾಡಿ ಹಿಡಿದ ಬೆರಳಿಗಷ್ಟೇ ಗೊತ್ತಾಗುತ್ತದೆ.